ಇಪ್ಪತ್ತು ನೂರರ ನೋಟು

ಕ್ಯಾಬಿನ್ನಿನಲ್ಲಿ ಕೂತು ಗಂಟೆ ಒತ್ತುವ ಮ್ಯಾನೇಜರ್ ನಾನಲ್ಲ, ಮುಂದೆ ನಿಂತು ಮಾಡಿ ತೋರಿಸುವವನು ಎಂಬ ಜಂಬ ನನಗೆ ಒಳಗೊಳಗೇ ಇತ್ತು.

2016ರ ನವೆಂಬರ್ 8, ಮಂಗಳವಾರ ರಾತ್ರಿ 500, 1000ದ ನೋಟು ರದ್ದಾದವಲ್ಲ, ಆಗ ಮಂಡ್ಯ ಕಡೆಯ ಒಂದು ಹೋಬಳಿ ಶಾಖೆಯಲ್ಲಿದ್ದೆ. ಬುಧವಾರ ಬ್ಯಾಂಕು ಮುಚ್ಚಿತ್ತು. ಗುರುವಾರ ಷಟರ್ ಎತ್ತುವ ಹೊತ್ತಿಗೆ ಸಾಲು ಅರಳಿಕಟ್ಟೆ ದಾಟಿತ್ತು. ಒಬ್ಬರಿಗೆ 4000 ಮಾತ್ರ ಬದಲಿ. ಅದಕ್ಕೊಂದು ಫಾರಂ, ಗುರುತಿನ ಚೀಟಿಯ ಜೆರಾಕ್ಸ್. ನೂರರ ನೋಟು ಮಧ್ಯಾಹ್ನಕ್ಕೇ ಖಾಲಿ. ಆಮೇಲೆ ಬಂತು ಗುಲಾಬಿ ಬಣ್ಣದ 2000. ಅದನ್ನು ಹಿಡಿದು ಬೀಡಿ ಅಂಗಡಿಗೆ ಹೋದವರು ಚಿಲ್ಲರೆ ಸಿಗದೆ ಹಾಗೇ ವಾಪಸು ಬರುತ್ತಿದ್ದರು.

ಶನಿವಾರ, ಭಾನುವಾರವೂ ಕೆಲಸ. ಭಾನುವಾರ ಮಧ್ಯಾಹ್ನ ಮೂರಾದರೂ ಕ್ಯಾಷಿಯರ್ ಹೆಣ್ಣುಮಗಳು ಊಟಕ್ಕೆ ಎದ್ದಿರಲಿಲ್ಲ. ‘ಏಳಮ್ಮಾ, ಎರಡು ತುತ್ತು ತಿಂದು ಬಾ’ ಎಂದು ನಾನೇ ಕುರ್ಚಿಯಲ್ಲಿ ಕೂತೆ. ಇಪ್ಪತ್ತು ನಿಮಿಷದಲ್ಲಿ ಸಾಲು ಸರಸರನೆ ಕರಗಿತು. ‘ಏನ್ ಸ್ಪೀಡು ಸಾರ್!’ ಎಂದ ಅಟೆಂಡರ್.

ರಾತ್ರಿ ಕ್ಯಾಶ್ ಟ್ಯಾಲಿ ಆಗಲಿಲ್ಲ. 2000 ಶಾರ್ಟ್. ಮೂರು ಸಲ ಎಣಿಸಿದೆವು. ‘ದುಡ್ಡಿನ ಕೆಲಸ, ಕೈಯಲ್ಲಿ ಜೋಪಾನ ಬೇಡವೇನಮ್ಮಾ?’ ಎಂದೆ, ಎಲ್ಲರ ಎದುರಿಗೆ. ಉಳಿದವರು ತಂತಮ್ಮ ಕಂಪ್ಯೂಟರ್ ಕಡೆ ಮುಖ ತಿರುಗಿಸಿದರು. ಕಮ್ಮಿ ಬಿದ್ದದ್ದನ್ನು ಕ್ಯಾಷಿಯರೇ ತುಂಬುವುದು ವಾಡಿಕೆ. ಆಕೆ ವ್ಯಾನಿಟಿ ಬ್ಯಾಗಿನ ಒಳಜಿಪ್ಪು ತೆಗೆದು, ಮಡಿಕೆ ಬಿದ್ದ ನೂರರ ನೋಟು ಇಪ್ಪತ್ತು ಎಣಿಸಿಟ್ಟಳು. ಹಾಲು, ತರಕಾರಿಗೆಂದು ಜತನ ಮಾಡಿಟ್ಟದ್ದು. ಆ ವಾರ ಊರಲ್ಲೆಲ್ಲ ಹುಡುಕಿದರೂ ಸಿಗದಿದ್ದ ನೋಟು ಅವು.

ಎರಡು ದಿನ ಬಿಟ್ಟು ಫಾರಂಗಳನ್ನು ಕಂತೆ ಕಟ್ಟುವಾಗ ಒಂದು ನನ್ನ ಕಣ್ಣಿಗೆ ಬಿತ್ತು. ಮುಂಭಾಗದಲ್ಲಿ ಗಿರಾಕಿಯ ಬರಹ: 500ರದು ನಾಲ್ಕು, ಒಟ್ಟು 2000. ಬೆನ್ನಿಗೆ ಕೊಟ್ಟ ನೋಟಿನ ವಿವರ: 2000ದ್ದು ಎರಡು. ಹಸಿರು ಇಂಕು. ಇಡೀ ಶಾಖೆಯಲ್ಲಿ ಹಸಿರು ಇಂಕಿನ ಪೆನ್ನು ಇದ್ದದ್ದು ನನ್ನೊಬ್ಬನ ಜೇಬಿನಲ್ಲಿ. ಬಂದವರೆಲ್ಲ ನಾಲ್ಕು ಸಾವಿರವೇ ಒಯ್ಯುತ್ತಿದ್ದರಿಂದ ಕೈ ತಾನಾಗಿ ಎರಡು ನೋಟು ಎಳೆದಿತ್ತು.

ಆಕೆಯನ್ನು ಕ್ಯಾಬಿನ್ನಿಗೆ ಕರೆದು, ಬಾಗಿಲು ಮುಂದೆ ಮಾಡಿ, ಫಾರಂ ತೋರಿಸಿ ಗುಲಾಬಿ ನೋಟು ಚಾಚಿದೆ. ಮುಟ್ಟಲಿಲ್ಲ.

‘ಬೈದದ್ದು ಹೊರಗಡೆ ಅಲ್ವಾ ಸಾರ್?’

ದನಿಯೇನೂ ಏರಿರಲಿಲ್ಲ. ನನಗೆ ಮಾತ್ರ ಕೂತಲ್ಲೇ ಬೆವರು. ಕೆಲಸ ತೋರಿಸಲು, ಗದರಲು ಹೊರಗಿನ ಹಾಲ್, ತಪ್ಪೊಪ್ಪಲು ಕ್ಯಾಬಿನ್. ಇಷ್ಟು ವರ್ಷ ನಾನು ಮಾಡಿದ್ದ ಮ್ಯಾನೇಜರಿಕೆ ಇದೇ.

ಹೊರಗೆ ಬಂದೆ. ಎಲ್ಲರೂ ಕೇಳುವ ಹಾಗೆ ಫಾರಂನ ಹಿಂದುಮುಂದು ಓದಿ, ತಪ್ಪು ನಂದು ಎಂದೆ. ‘ಸ್ಪೀಡು...’ ಎಂದು ಅಟೆಂಡರ್ ಗೊಣಗಿದ, ಯಾರೋ ಕಿಸಕ್ಕೆಂದರು. ನೋಟು ಮತ್ತೆ ಚಾಚಿದೆ.

‘ಇದು ಬೇಡ ಸಾರ್. ನಾನು ಕೊಟ್ಟದ್ದು ನೂರರವು.’

ಇಪ್ಪತ್ತು ನೂರರ ನೋಟು ಹೊಂದಿಸಲು ನನಗೆ ನಾಲ್ಕು ದಿನ ಹಿಡಿಯಿತು.