ನೆರಳು ಹೇಳಿದ ನಮ್ಮೂರ ಹೊತ್ತು

ಬೇಸಿಗೆಯ ಬಿಡುವಿನಲ್ಲಿ ನಾವು ಮೊಮ್ಮಕ್ಕಳೊಡನೆ ಕುಳಿತು, ಧಾರವಾಡಕ್ಕೊಪ್ಪುವ ಕಾಗದದ ನೆರಳುಗಡಿಯಾರವೊಂದನ್ನು ಗಣಕಯಂತ್ರದಲ್ಲಿ ರಚಿಸಿದೆವು. ಫ್ರಾನ್ಸಿನವರೊಬ್ಬರು ಸಿದ್ಧಪಡಿಸಿದ ‘ಶ್ಯಾಡೋಸ್’ ಎಂಬ ತಂತ್ರಾಂಶಕ್ಕೆ ಊರಿನ ಅಕ್ಷಾಂಶ, ರೇಖಾಂಶಗಳನ್ನು ತಿಳಿಸಿದರೆ ಗಂಟೆಯ ಗೆರೆಗಳನ್ನು ಅದೇ ಎಳೆದುಕೊಡುತ್ತದೆ. ಬೇರೆ ನಾಡಿಗೆಂದು ಬರೆದ ಹಾಳೆ ಇಲ್ಲಿ ನಡೆಯದು. ಗೆರೆಗಳ ಹಂಚಿಕೆಯೇ ಒಂದು ಸೋಜಿಗ: ನಡುಹಗಲು 12ರಿಂದ 1ರವರೆಗೆ 4 ಡಿಗ್ರಿಗಳಷ್ಟೇ ಅಂತರ, ಸಂಜೆ 5ರಿಂದ 6ರವರೆಗೆ ಸುಮಾರು 45!

ರಟ್ಟಿನ ತ್ರಿಕೋನವನ್ನು ಕತ್ತರಿಸಿ, ಅದರ ಓರೆ ಅಂಚು ಹದಿನೈದೂವರೆ ಡಿಗ್ರಿ ಏರಿ ಉತ್ತರಕ್ಕೆ ಮುಖಮಾಡುವಂತೆ ಹಾಳೆಯ ಮೇಲೆ ನಿಲ್ಲಿಸಿದೆವು. ಅಂಗಳದಲ್ಲಿಟ್ಟಾಗ ನೆರಳು ಕೈಗಡಿಯಾರಕ್ಕಿಂತ ಅರ್ಧ ಗಂಟೆಯಷ್ಟು ಹಿಂದಿತ್ತು. “ಇದು ಕೆಟ್ಟೈತಿ, ಅಜ್ಜಾ” ಎಂದು ಕಿರಿಯ ಮೊಮ್ಮಗಳು ಹರಿದೊಗೆಯಹೊರಟಳು. ತಡೆದೆವು. ಭಾರತದ ಗಡಿಯಾರಗಳೆಲ್ಲ 82.5 ಡಿಗ್ರಿ ಪೂರ್ವ ರೇಖಾಂಶದ ಹೊತ್ತನ್ನು ಹೇಳುತ್ತವೆ, ಧಾರವಾಡವಿರುವುದು 75ರಲ್ಲಿ. ಡಿಗ್ರಿಗೆ 4 ನಿಮಿಷದಂತೆ 30 ನಿಮಿಷ. ಈ ಅಂತರವನ್ನು ಗೆರೆಗಳಲ್ಲೇ ಸರಿಹೊಂದಿಸುವ ಸೌಕರ್ಯ ಉಂಟು, ನಾವು ಬಳಸಲಿಲ್ಲ. ನಮ್ಮೂರಿಗೆ ನಿಜವಾಗಿ ನಡುಹಗಲಾಗುವುದೆಂದೆಂಬುದನ್ನು ಮಕ್ಕಳು ಒಮ್ಮೆಯಾದರೂ ಕಾಣಬೇಕಲ್ಲವೇ?

ವರ್ಷವಿಡೀ ಅಂತರ ಒಂದೇ ಆಗಿರದು. ನವೆಂಬರ್ ಆರಂಭಕ್ಕೆ 14 ನಿಮಿಷಕ್ಕಿಳಿದು, ಫೆಬ್ರವರಿ ನಡುವಿಗೆ 44ಕ್ಕೇರುತ್ತದೆ. ಹರಿಯಹೊರಟವಳೇ ಈಗ ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದಾಳೆ.