ನಮ್ಮ ಅತ್ತಿಯ ಮೂರು ಹುಚ್ಚು

ನಮ್ಮ ಸೋದರತ್ತಿಗೆ ಈಗ ಎಂಬತ್ತನಾಲ್ಕು. ಆಕಿಗೆ ಮೂರು ಹುಚ್ಚು ಅವ. ರಾಜಕುಮಾರನ ಸಿನಿಮಾ, ಶಾರ್ಟ್ ವೇವ್ ರೇಡಿಯೋ, ಮತ್ತ ಇಲೆಕ್ಷನ್. ಈ ಮೂರೂ ಒಂದ ತಲಿಯೊಳಗ ಹೆಂಗ ಕೂಡ್ತಾವ ಅಂತ ನಮ್ಮ ಪೈಕಿ ಭಾಳ ಮಂದಿ ಕೇಳ್ತಾರ. ಕೂಡ್ತಾವ ನೋಡ್ರಿ.

ಆಕಿ ಇಪ್ಪತ್ತೆಂಟಕ್ಕ ಗಂಡನ್ನ ಕಳಕೊಂಡು, ಸಣ್ಣ ಮಗನ್ನ ಕರಕೊಂಡು ಧಾರವಾಡಕ್ಕ ನಮ್ಮ ಮನಿಗೆ ಬಂದ್ಲು. ಕೂಡ ಮಾಮಾನ ಮರ್ಫಿ ರೇಡಿಯೋ ಬಂತು. ಬಂಗಾರ, ಭಾಂಡೆ ಎಲ್ಲಾ ಅಲ್ಲೇ ಉಳಿದು ರೇಡಿಯೋ ಒಂದ ಯಾಕ ಕೊಟ್ರು ಅಂದ್ರ, ಆಗೆಲ್ಲ ವರ್ಷಾ ಪೋಸ್ಟ್ ಆಫೀಸಿನ್ಯಾಗ ಅದಕ್ಕ ಲೈಸನ್ಸ್ ಫೀ ತುಂಬಬೇಕಿತ್ತು, ಆ ಖರ್ಚು ತಪ್ಪಲಿ ಅಂತ! ಓಣಿಯ ಮಂದಿ ಸುಮ್ನಿರತಾರೇನು? ಗಂಡ ಸತ್ತಾಕಿ ಬುಧವಾರ ರಾತ್ರಿ ಬಿನಾಕಾ ಗೀತಮಾಲಾ ಕೇಳ್ತಾಳಂತ, ಅಮೀನ್ ಸಯಾನಿ ದನಿಗೆ ಕಿವಿ ಹಚ್ಚಿ ಕೂಡ್ತಾಳಂತ. ನಮ್ಮ ಅಜ್ಜಿ ದನಿ ಸಣ್ಣದ ಮಾಡು ಅಂತಿದ್ಲು, ಬಂದ್ ಮಾಡು ಅಂತ ಮಾತ್ರ ಒಮ್ಮೆನೂ ಅನ್ನಲಿಲ್ಲ.

ಸಿಲೋನ್ ಹುಡುಕೋದರಾಗ ಮುಳ್ಳು ಆಚೀಚೆ ಸರದು ಜಪಾನ್, ಜರ್ಮನಿ, ನೆದರ್‌ಲ್ಯಾಂಡ್ಸ್ ಸಿಗಲಿಕ್ಕೆ ಹತ್ತಿದವು. ಯಾವ ಹೊತ್ತಿಗೆ, ಯಾವ ಮೀಟರಿನ್ಯಾಗ, ಎಷ್ಟು ಛಂದ ಕೇಳಿಸ್ತು ಅಂತ ಬರದು ಕಳಿಸಿದ್ರ ಆ ಸ್ಟೇಶನ್ನಿನವರು ಒಂದು ಚಿತ್ರದ ಕಾರ್ಡ್ ಕಳಸ್ತಾರ. ಕ್ಯೂಎಸ್ಎಲ್ ಕಾರ್ಡ್ ಅಂತಾರ ಅದಕ್ಕ. ದನಿಯ ಜೋರಿಗೆ ಒಂದರಿಂದ ಐದರತನಕ ಅಂಕಿ, ಬ್ಯಾರೆ ಸ್ಟೇಶನ್ನಿನ ಕಾಟಕ್ಕೊಂದು, ಗರಗರಕ್ಕೊಂದು, ಹಿಂಗ ಐದು ಅಂಕಿ ಹಾಕಬೇಕು. ವ್ಯಾಳ್ಯಾ ಗ್ರೀನಿಚ್ಚಿಂದು, ನಮ್ಮ ಗಡಿಯಾರದಾಗ ಐದೂವರಿ ತಾಸು ಕಳೀಬೇಕು. ನಾ ಕಳೆಯೋ ಲೆಕ್ಕ ಕಲಿತದ್ದು ಹಿಂಗ. ಅಲಾರಂ ಇಟ್ಟು ನಸುಕಿನ್ಯಾಗ ಎದ್ದು, ಶಾಲಿಗೆ ಕಲಸಲಿಕ್ಕೆ ಹೋಗೂದರೊಳಗ ಆಕಿ ರಿಪೋರ್ಟ್ ಬರದು ಮುಗಸ್ತಿದ್ಲು. ಆಗ ನಮ್ಮ ಮನಿಗೆ ಹೆಣ್ಣುಮಗಳ ಹೆಸರಿಲೆ ಟಪಾಲು ಬರತಿತ್ತು ಅಂದ್ರ ಅದು ಅತ್ತಿಗೊಬ್ಬಾಕಿಗೇ. ಪೋಸ್ಟಮನ್ ಬಾಗಲಾಗ ನಿಂತು ಪೂರಾ ಹೆಸರು ಹಿಡದು ಕೂಗತಿದ್ದ. ಆ ಕೂಗಿನ ಸಲುವಾಗೇ ಆಕಿ ಬರೀತಿದ್ಲೋ ಏನೋ ಅಂತ ನನಗ ಈಗ ಅನಸ್ತದ.

ಇಲೆಕ್ಷನ್ ಹುಚ್ಚೂ ರೇಡಿಯೋದಿಂದನ ಬಂತು. ಚೀಟಿ ಎಣಿಸೋ ಕಾಲ, ಎರಡು ರಾತ್ರಿ ಆದ್ರೂ ಮುಗೀತಿದ್ದಿಲ್ಲ. ಶಾಲಿ ನೋಟಬುಕ್ಕಿನ್ಯಾಗ ಗೆರಿ ಎಳದು ಕ್ಷೇತ್ರದ ಹೆಸರು, ಗೆದ್ದವರು, ಸೋತವರು ಎಲ್ಲಾ ಬರದಿಡತಿದ್ಲು. ಒಂದು ಮುಂಜಿವಿ ಪಂಕ್ತಿಯೊಳಗ ಗಂಡಸರು, 1983ಕ್ಕ ಹೆಗಡೆಯವರಿಗೆ 139 ಸೀಟ್ ಬಂದಿದ್ವು ಅಂತ ಜೋರಾಗಿ ವಾದಾ ನಡಿಸಿದ್ರು. ಅತ್ತಿ ಹುಳಿ ಬಡಸ್ಕೋತ, "ಅದು 85ರಾಗ. 83ಕ್ಕ 95. ನಡುವ 84ರ ಲೋಕಸಭಾಕ್ಕ 28ರಾಗ ನಾಕ ಬಂದ್ವು ಅಂತ ರಾಜೀನಾಮೆ ಕೊಟ್ರು" ಅಂದು ಮುಂದಿನ ಎಲಿಗೆ ಹೋದ್ಲು. ಯಾರೂ ತಿರುಗಿ ಮಾತಾಡಲಿಲ್ಲ, ಹುಳಿ ಉಂಡ್ರು.

ರಾಜಕುಮಾರನ ಸಿನಿಮಾಕ್ಕ ಮಾತ್ರ ಒಬ್ಬಾಕಿ ಹೋಗೋ ಹಂಗಿರಲಿಲ್ಲ. ನಮ್ಮನ್ನ, ಅಂದ್ರ ಹುಡುಗ್ಯಾರನ್ನ, ನೆವಾ ಮಾಡ್ಕೊಂಡು ಹೋಗತಿದ್ಲು. 1982ರಾಗ ರಾಜಕುಮಾರ ಗೋಕಾಕ ಚಳವಳಿಗೆ ಇಳದಾಗ ಆಕಿ ಸಿನಿಮಾನೂ ರಾಜಕಾರಣನೂ ಒಂದ ಆಗಿಹೋದ್ವು. 2000ದಾಗ ವೀರಪ್ಪನ್ ಹೊತಗೊಂಡು ಹೋದ 108 ದಿನಾನೂ ಕ್ಯಾಲೆಂಡರಿಗೆ ಗೀಟು ಹಾಕಿದ್ಲು. ಆ ಕ್ಯಾಲೆಂಡರ್ ಇನ್ನೂ ಅದ.

ಮತಾ ಯಾರಿಗೆ ಹಾಕಿದಿ ಅಂದ್ರ ಇವತ್ತಿಗೂ ಹೇಳೂದಿಲ್ಲ. 2023ರಾಗ ಎಂಬತ್ತು ದಾಟಿದವರಿಗೆ ಮನಿಯಾಗೇ ಮತದಾನ ಅಂತ ಆತಲ್ಲ, ಮಗ ಫಾರಂ ತಂದ. "ಮನಿಯಾಗ ಹಾಕಿದ್ರ ನೀವೆಲ್ಲಾ ಹೆಗಲಮ್ಯಾಲಿಂದ ಇಣಕ್ತೀರಿ" ಅಂತ ಹರದ್ಲು. ಮೇ 10ಕ್ಕ ಕೋಲು ಊರಿ ಬೂತಿಗೇ ಹೋದ್ಲು.

ಹೋದ ವರ್ಷ ಮಗನ ಜೋಡಿ ಹುಬ್ಬಳ್ಳಿ ಫ್ಲ್ಯಾಟಿಗೆ ಬಂದಾಳ. ಅಲ್ಲಿ ರೇಡಿಯೋ ಹಚ್ಚಿದ್ರ ಬರೇ ಗುಂಯ್ ಅಂತದ. ಎಲ್ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಇವೆಲ್ಲಾ ಶಾರ್ಟ್ ವೇವಿಗೆ ವೈರಿ. ರಾತ್ರಿ ಎಂಟಕ್ಕ ಒಂದೊಂದ ಸ್ವಿಚ್ ಆರಿಸ್ಕೋತ ಹೊಂಟ್ರ ಸೊಸಿಯ ಧಾರಾವಾಹಿ, ಮೊಮ್ಮಗನ ಅಭ್ಯಾಸ ಎಲ್ಲಾ ನಿಲ್ತಾವ. ಸೊಸಿಯ ತಪ್ಪಿಲ್ಲ ಬಿಡ್ರಿ. ಆದ್ರ ಕಾರ್ಡಿನ ಎರಡು ಪೆಟ್ಟಿಗಿ ರದ್ದಿಗೆ ಹಾಕ್ಲಿ ಏನಕ್ಕಾ ಅಂತ ಫೋನ್ ಮಾಡಿದಾಗ ಮಾತ್ರ ನಾ ಅದ ದಿನಾ ಬಸ್ ಹತ್ತಿದೆ. ಪೆಟ್ಟಿಗಿ ಈಗ ನಮ್ಮ ದೇವರಮನಿ ಅಟ್ಟದ ಮ್ಯಾಲ ಅವ.

ಸ್ಟೇಶನ್‌ಗಳೂ ಕಮ್ಮಿ ಆಗ್ಯಾವ. ನೆದರ್‌ಲ್ಯಾಂಡ್ಸ್‌ನವರು 2012ಕ್ಕ ಶಾರ್ಟ್ ವೇವ್ ನಿಲ್ಲಿಸಿದ್ರು, ಬಿಬಿಸಿ ಹಿಂದಿ 2020ರ ಜನವರಿಗೆ ಮುಗೀತು. ಆಕಿ ಕಿವಿಯೂ ಎಡಗಡೆದು ಹೋಗೇದ. ಆದರೂ ಲಿಫ್ಟ್ ಹಿಡಕೊಂಡು ಟೆರೇಸಿಗೆ ಹೋಗ್ತಾಳ, ನೀರಿನ ಟಾಕಿ ಬಾಜೂಕ ಕುರ್ಚಿ ಹಾಕ್ಕೊಂಡು ಬಟ್ಟಿ ಒಣಗಸೋ ತಂತಿಗೆ ಏರಿಯಲ್ ವಾಯರ್ ಸಿಗಿಸ್ತಾಳ. ಕೆಳಗಿನ ಮನಿಯಾಕಿ ಸೀರಿ ಒಣಹಾಕಲಿಕ್ಕೆ ಜಾಗಾ ಇಲ್ಲಂತ ತಕರಾರು ತಗದಾಳ. ಮೊನ್ನೆ ಹೋದಾಗ ಐದಂಕಿ ಬರದ ಹೊಸಾ ಕಾಗದಾ ನನ್ನ ಕೈಯಾಗಿಟ್ಟು, "ಜಪಾನಿಗೆ ಎಷ್ಟು ತಿಕೀಟು ಹಚ್ಚಬೇಕು, ಪೋಸ್ಟಿನ್ಯಾಗ ಕೇಳ್ಕೊಂಡು ಬಾ" ಅಂದಾಳ. ನಾಳೆ ಹೋಗಬೇಕು.