ಜೂನ್ ಒಂದರ ಹುಡುಗರು

ಜೂನ್ 1 ಬಂತೆಂದರೆ ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಹ್ಯಾಪಿ ಬರ್ತ್‌ಡೇಗಳ ಸುರಿಮಳೆ. ನಮ್ಮ ಫ್ಲೋರಿನಲ್ಲೇ ಆ ದಿನ ಹುಟ್ಟಿದವರು ನಾಲ್ಕು ಮಂದಿ ಇದ್ದೀವಿ. ಒಬ್ಬ ಬಾಗಲಕೋಟೆ ಕಡೆಯವನು, ಒಬ್ಬ ರಾಯಚೂರಿನವನು, ಒಬ್ಬಳು ಹಾವೇರಿ ಹತ್ತಿರದ ಹಳ್ಳಿಯವಳು, ಮತ್ತೆ ನಾನು. ಬೆಂಗಳೂರಿನಿಂದ ಹೊಸದಾಗಿ ಬಂದ ಮ್ಯಾನೇಜರು ಇದೆಂಥಾ ಕಾಕತಾಳೀಯ ಅಂತ ಖುಷಿಯಾಗಿ ನಾಲ್ವರಿಗೂ ಸೇರಿ ಒಂದೇ ದೊಡ್ಡ ಕೇಕ್ ತರಿಸಿದರು. ನಾವು ಒಬ್ಬರ ಮುಖ ಒಬ್ಬರು ನೋಡಿ, ನಕ್ಕು, ಕೇಕ್ ತಿಂದ್ವಿ. ನಮ್ಮ ಅವ್ವಂದಿರು ಯಾರೂ ನಮ್ಮನ್ನ ಜೂನ್ ಒಂದಕ್ಕೆ ಹಡೆದಿಲ್ಲ. ಹಡೆದವರು ಹೆಡ್‌ಮಾಸ್ತರು.

ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳ್ತೀನಿ. ಶಾಲೆ ಶುರುವಾಗೋ ಹೊತ್ತಿಗೆ ಅವ್ವ ನನ್ನ ಕೈ ಹಿಡಿದುಕೊಂಡು ಹೋದಳು. ಮಾಸ್ತರು ರಿಜಿಸ್ಟರ್ ತೆಗೆದು, "ಯಾವಾಗ ಹುಟ್ಯಾನವಾ?" ಅಂದರು. "ಪಂಚಮಿ ಮುಂದ್ರಿ, ಜೋಕಾಲಿ ಕಟ್ಟಾಕತ್ತಿದ್ರು." "ಯಾವ ಪಂಚಮಿ?" ಅವ್ವ ಬೆರಳು ಎಣಿಸಿದಳು, ಲೆಕ್ಕ ಹತ್ತಲಿಲ್ಲ. ಮಾಸ್ತರು ನನ್ನ ಮುಖ ನೋಡಿದರು, ಬಲಗೈ ತಲೆ ಮೇಲಿಂದ ತಂದು ಎಡಗಿವಿ ಹಿಡಿಯೋಕೆ ಹೇಳಿದರು, ಆಮೇಲೆ 1-6-1990 ಅಂತ ಬರೆದರು. "ಸಣ್ಣಂವ ಇದ್ರ ಚಲೋ ಬಿಡವಾ, ಮುಂದ ನೌಕರಿಗೆ ಅನುಕೂಲ ಆಕ್ಕೈತಿ."

ನಾನು ಹುಟ್ಟಿದ್ದು 1988ರ ಆಗಸ್ಟ್‌ನಲ್ಲಿ. ಅದು ಹೇಗೆ ಗೊತ್ತಾಯಿತೆಂದರೆ, ನನ್ನ ಚಿಕ್ಕವ್ವನ ಮಗಳು ನನಗಿಂತ ಒಂದು ವಾರಕ್ಕೆ ಸಣ್ಣವಳು. ಅವಳು ಹುಟ್ಟಿದ್ದು ಗದಗಿನ ಆಸ್ಪತ್ರೆಯಲ್ಲಿ, ಅವಳಿಗೆ ಸರ್ಟಿಫಿಕೇಟ್ ಇದೆ. ಅಂದರೆ ಕಾಗದದ ಮೇಲೆ ನಾನು ನನಗಿಂತ ಸುಮಾರು ಎರಡು ವರ್ಷ ಸಣ್ಣವನು. ಇಷ್ಟು ದಿನ ಇದೊಂದು ತಮಾಷೆಯ ಕಥೆಯಾಗಿತ್ತು. ಈ ವರ್ಷ ಆಗಸ್ಟ್‌ನಲ್ಲಿ ತಮಾಷೆ ಮುಗಿಯಿತು.

ಅಕ್ಕನ ಮಗ ಏಳನೇ ಕ್ಲಾಸಿನಿಂದ ನಮ್ಮ ಮನೆಯಲ್ಲೇ ಇದ್ದಾನೆ. ಊರಲ್ಲಿ ಕ್ರಿಕೆಟ್ ಅಂದರೆ ಸುಗ್ಗಿ ಮುಗಿದ ಹೊಲ ಮತ್ತು ಟೆನಿಸ್ ಬಾಲು. ಇಲ್ಲಿ ಗೋಕುಲ ರಸ್ತೆಯ ಒಳದಾರಿಯೊಂದರಲ್ಲಿ, ಶೆಡ್ಡುಗಳ ಹಿಂದೆ, ಎರಡು ನೆಟ್ಸ್ ಹಾಕಿ ಕಲಿಸುವವರಿದ್ದಾರೆ. ಬೆಳಿಗ್ಗೆ ಐದೂವರೆಗೆ ಎದ್ದು, ತನಗಿಂತ ದೊಡ್ಡದಾದ ಕಿಟ್ ಬ್ಯಾಗ್ ಹೊತ್ತುಕೊಂಡು ಹೊರಡುತ್ತಾನೆ. ನಾನು ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡು ಹೊರಡೋ ಹೊತ್ತಿಗೆ ಬೆವರಿನಲ್ಲಿ ತೊಯ್ದು ವಾಪಸ್ ಬರುತ್ತಾನೆ. ಫಾಸ್ಟ್ ಬೌಲರು. ಒಂದೇ ವರ್ಷದಲ್ಲಿ ಗೇಣುದ್ದ ಬೆಳೆದಿದ್ದಾನೆ, ತುಟಿ ಮೇಲೆ ಮೀಸೆ ಕಪ್ಪಾಗಿದೆ, ಧ್ವನಿ ಒಡೆದಿದೆ. ಚಪ್ಪಲಿ ನನ್ನ ಸೈಜಿಗೆ ಬಂದಿವೆ, ಹೀಗಾಗಿ ನನ್ನವೇ ಮೆಟ್ಟಿಕೊಂಡು ಹೋಗುತ್ತಾನೆ.

ಹದಿನಾರರೊಳಗಿನವರ ಒಂದು ಟೂರ್ನಿಗೆ ಸಂಭಾವ್ಯರ ಪಟ್ಟಿಯಲ್ಲಿ ಹೆಸರು ಬಂತು. ಅಕ್ಕ ಊರಿಂದ ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದಳು. ಆಮೇಲೆ ಎಡಗೈಯ ಎಕ್ಸ್-ರೇ ತೆಗೆಸಿದರು. ಎರಡು ವಾರ ಬಿಟ್ಟು ರಿಸಲ್ಟ್ ಬಂತು: ಎಲುಬಿನ ವಯಸ್ಸು 16.6. ಪಟ್ಟಿಯಿಂದ ಹೆಸರು ತೆಗೆದರು. ಆಗ ಅವನಿಗೆ ಹದಿನಾಲ್ಕು ವರ್ಷ ಹತ್ತು ತಿಂಗಳು.

ಮನೆಗೆ ಬಂದು ಶೂ ಬಿಚ್ಚುತ್ತಾ ಹೇಳಿದ: "ಮಾಮಾ, ನನ್ನ ಎಲುಬು ನನಗಿಂತ ದೊಡ್ಡದಂತ."

ಅವನು ಹುಟ್ಟಿದ ದಿನ ನನಗೆ ಚೆನ್ನಾಗಿ ನೆನಪಿದೆ. 2010ರ ಅಕ್ಟೋಬರ್, ಇದೇ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆ. ನಾನು ಬಿ.ಇ. ಓದುತ್ತಿದ್ದೆ, ಇಂಟರ್ನಲ್ಸ್ ಇದ್ದರೂ ರಾತ್ರಿಯಿಡೀ ವಾರ್ಡಿನ ಹೊರಗೆ ಕೂತಿದ್ದೆ. ಜನನ ಪ್ರಮಾಣಪತ್ರಕ್ಕೆ ಓಡಾಡಿದವನೂ ನಾನೇ. ನನಗಾದ ಹಾಗೆ ಇವನಿಗೆ ಆಗಬಾರದು ಅಂತ. ನಮ್ಮ ಮನೆತನದಲ್ಲಿ ಹುಟ್ಟಿದ ದಿನ ಕರಾರುವಾಕ್ಕಾಗಿ ಇರುವ ಮೊದಲನೇ ಗಂಡುಹುಡುಗ ಅವನು. ಆ ಸರ್ಟಿಫಿಕೇಟು, ಆಧಾರ್, ಶಾಲೆಯ ದಾಖಲೆ ಎಲ್ಲ ತೆಗೆದುಕೊಂಡು ಟೆಸ್ಟ್ ಮಾಡಿಸಿದವರ ಹತ್ತಿರ ಹೋದೆ. ಅಲ್ಲಿದ್ದವರು ಕಾಗದ ಮುಟ್ಟಲೂ ಇಲ್ಲ. "ಸರ್, ಹಳ್ಳಿ ಕಡೆಯವರ ಕಾಗದ ನಮಗೇನು ಹೊಸದಲ್ಲ. ಎಲ್ಲಾರದೂ ಕರೆಕ್ಟೇ ಇರ್ತಾವ."

ನನಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಮೊದಲು ಬಂದದ್ದು ನಾಚಿಕೆ.

ಆ ರಾತ್ರಿ ಓದುತ್ತಾ ಕೂತೆ. ಸಮಸ್ಯೆ ಬಂದರೆ ಡಾಕ್ಯುಮೆಂಟೇಶನ್ ಹುಡುಕೋದು ನಮ್ಮ ಜಾತಿಯ ರೋಗ. ಈ ಪರೀಕ್ಷೆಗೆ ಟಿಡಬ್ಲ್ಯು3 ಅಂತಾರೆ. ಟ್ಯಾನರ್ ಮತ್ತು ವೈಟ್‌ಹೌಸ್ ಅನ್ನೋ ಇಬ್ಬರು ಬ್ರಿಟಿಷರು ಮಕ್ಕಳ ಬೆಳವಣಿಗೆ ಅಳೆಯೋಕೆ ಮಾಡಿದ ಪದ್ಧತಿಯ ಮೂರನೇ ಆವೃತ್ತಿ. ಮಣಿಕಟ್ಟು ಮತ್ತು ಬೆರಳುಗಳ 13 ಎಲುಬುಗಳನ್ನು ಒಂದೊಂದಾಗಿ ನೋಡಿ, ಎಷ್ಟು ಬಲಿತಿವೆ ಅಂತ ಅಂಕ ಕೊಟ್ಟು ಕೂಡಿಸುತ್ತಾರೆ. ಮಗು ಎಷ್ಟು ಬೆಳೆದಿದೆ ಅಂತ ಡಾಕ್ಟರು ತಿಳಿಯೋಕೆ ಇದ್ದದ್ದು ಇದು, ಯಾವತ್ತು ಹುಟ್ಟಿತು ಅಂತ ಹೇಳೋಕಲ್ಲ. ಹುಡುಗರು ಬಲಿಯುವ ವಯಸ್ಸಿನಲ್ಲಿ ಎಲುಬಿನ ವಯಸ್ಸು ಒಂದು ವರ್ಷ ಆಚೀಚೆ ಇರೋದು ತೀರಾ ಮಾಮೂಲು. ಎರಡು ವರ್ಷದ ಹತ್ತಿರ ವ್ಯತ್ಯಾಸ ಇದ್ದರೂ ರೋಗ ಅಂತೇನೂ ಅಲ್ಲ. ಬೇಗ ಬಲಿತಿದ್ದಾನೆ, ಅಷ್ಟೇ. ಬಿಸಿಸಿಐ 2012ರಿಂದ ಹದಿನಾರರೊಳಗಿನವರಿಗೆ ಇದನ್ನು ಬಳಸುತ್ತಿದೆ. ಹುಡುಗರಿಗೆ 16.4ರವರೆಗೆ ಓಕೆ, ಅದರ ಮೇಲೆ ಇಲ್ಲ. 2025ರಲ್ಲಿ ಸ್ವಲ್ಪ ಸಡಿಲಿಸಿದರು. ಹಿಂದಿನ ವರ್ಷ ಪಾಸಾದ ಹುಡುಗನ ಅಂಕಿಗೆ ಸುಮ್ಮನೆ ಒಂದು ವರ್ಷ ಕೂಡಿಸಿ ಹೊರಗೆ ಹಾಕುವ ಬದಲು, ಅವನಿಗೆ ಇನ್ನೊಂದು ಪರೀಕ್ಷೆ. ಒಳ್ಳೆಯದೇ. ಮೊದಲ ಸಲವೇ ಹೊರಗೆ ಬಿದ್ದವನಿಗೆ ಮಾತ್ರ ಅದರಿಂದ ಏನೂ ಇಲ್ಲ.

ಕೋಡ್ ಬರೆಯುವವನಿಗೆ ಇಲ್ಲಿ ಏನು ನಡೆದಿದೆ ಅಂತ ಬೇಗ ಅರ್ಥವಾಗುತ್ತದೆ. ನಾವೂ ದಿನಾ ಇದನ್ನೇ ಮಾಡ್ತೀವಿ. ಒಂದು ಮಿತಿ ಇಡ್ತೀವಿ, ಮೇಲೆ ಹೋದರೆ ರಿಜೆಕ್ಟ್. ಕೆಲವು ಸರಿಯಾದವೂ ರಿಜೆಕ್ಟ್ ಆಗ್ತಾವೆ, ಫಾಲ್ಸ್ ಪಾಸಿಟಿವ್ ಅಂತ ಹೆಸರಿಟ್ಟು ಶೇಕಡಾ ಇಷ್ಟಿದ್ದರೆ ಪರವಾಗಿಲ್ಲ ಅಂತ ರಿಲೀಸ್ ಮಾಡ್ತೀವಿ. ಆ ಶೇಕಡಾವಾರು ಒಂದು ದಿನ ಮನೆಗೆ ಬಂದು ಶೂ ಬಿಚ್ಚುತ್ತದೆ ಅಂತ ನಾನು ಯೋಚಿಸಿರಲಿಲ್ಲ.

ನೆಟ್ಸಿನ ಕೋಚ್ ಸಮಾಧಾನ ಹೇಳಿದರು. "ಅಂಡರ್ ನೈಂಟೀನ್ ಐತಲಾ, ಐಪಿಎಲ್ ಐತಿ. ವೈಭವ ಸೂರ್ಯವಂಶಿ ನೋಡು." ಹುಡುಗನಿಗೆ ಅದು ಸಮಾಧಾನಕ್ಕಿಂತ ಉರಿಯ ಮೇಲೆ ಉಪ್ಪು. ವೈಭವ ಇವನಿಗಿಂತ ಐದು ತಿಂಗಳು ಸಣ್ಣವನು. 2025ರ ಏಪ್ರಿಲ್ 28ರಂದು 35 ಬಾಲಿಗೆ ನೂರು ಹೊಡೆದಾಗ ಇವನು ಸೋಫಾ ಮೇಲೆ ಹತ್ತಿ ಕುಣಿದಿದ್ದ. ಆದರೆ ಆ ಬಾಗಿಲಿಗೂ ಒಂದು ರೂಲಿದೆ. 2025ರವರೆಗೆ 19 ತುಂಬದ ಹುಡುಗ ಐಪಿಎಲ್ ಹರಾಜಿಗೆ ಬರಬೇಕಾದರೆ ಒಂದಾದರೂ ಫಸ್ಟ್ ಕ್ಲಾಸ್ ಅಥವಾ ಲಿಸ್ಟ್ ಎ ಪಂದ್ಯ ಆಡಿರಬೇಕಿತ್ತು. ವೈಭವ ಬಿಹಾರದ ಪರ 12ನೇ ವಯಸ್ಸಿಗೇ ರಣಜಿ ಆಡಿದ್ದ, ಹಾಗಾಗಿ 13ಕ್ಕೆ 1.10 ಕೋಟಿಗೆ ಹೋದ. ಅವನ ಪ್ರತಿಭೆ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಕರ್ನಾಟಕ, ಮುಂಬೈಯಂಥ ತಂಡದಲ್ಲಿ 12 ವರ್ಷದವನಿಗೆ ಕ್ಯಾಪ್ ಕೊಡ್ತಾರಾ? ಒಂದೇ ರೂಲು, ಹುಟ್ಟಿದ ರಾಜ್ಯದ ಮೇಲೆ ಬೇರೆ ಬೇರೆ ಎತ್ತರದ ಗೋಡೆ. 2022ರ ಫೆಬ್ರವರಿ 5ರಂದು ನಮ್ಮ ಅಂಡರ್-19 ಹುಡುಗರು ವಿಶ್ವಕಪ್ ಗೆದ್ದರು. ಒಂದು ವಾರಕ್ಕೆ ಬೆಂಗಳೂರಿನಲ್ಲಿ ಹರಾಜು ನಡೆದಾಗ ವೈಸ್ ಕ್ಯಾಪ್ಟನ್ ಶೇಕ್ ರಶೀದ್ ಸೇರಿ ಆ ತಂಡದ ಹಲವರಿಗೆ ಪ್ರವೇಶ ಇರಲಿಲ್ಲ. ಕೋವಿಡ್‌ನಲ್ಲಿ ದೇಶೀ ಪಂದ್ಯಗಳೇ ಸರಿಯಾಗಿ ನಡೆದಿರಲಿಲ್ಲ, ಎಲ್ಲಿಂದ ಆಡಬೇಕಿತ್ತು?

ಅಮೆರಿಕದಲ್ಲೂ ಇಂಥದ್ದೇ ಆಗಿತ್ತು. ಅವರ ಫುಟ್‌ಬಾಲ್, ಅಂದರೆ ಕೈಯಲ್ಲಿ ಹಿಡಿದುಕೊಂಡು ಓಡುತ್ತಾರಲ್ಲ ಅದು, ಹೈಸ್ಕೂಲ್ ಮುಗಿದು ಮೂರು ವರ್ಷ ಆಗುವವರೆಗೆ ಪ್ರೊಫೆಷನಲ್ ಲೀಗಿಗೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ. ಮೊರೀಸ್ ಕ್ಲಾರೆಟ್ ಅನ್ನೋ ಹುಡುಗ ಕೋರ್ಟಿಗೆ ಹೋದ. 2004ರ ಫೆಬ್ರವರಿಯಲ್ಲಿ ಗೆದ್ದ, ಮೇ ತಿಂಗಳಲ್ಲಿ ಮೇಲಿನ ಕೋರ್ಟಿನಲ್ಲಿ ಸೋತ. ಮಾಲೀಕರೂ ಆಟಗಾರರ ಯೂನಿಯನ್ನೂ ಚೌಕಾಸಿ ಮಾಡಿ ಒಪ್ಪಿಕೊಳ್ಳುವ ವಿಷಯ ಇದು, ಸೇರಬಯಸುವ ಹುಡುಗನೂ ಅದಕ್ಕೆ ಒಳಪಟ್ಟವನೇ ಅಂತ ಕೋರ್ಟು ಹೇಳಿತು. ಒಳಗಿದ್ದವರು ಸೇರಿ ಬಾಗಿಲು ಎಲ್ಲಿರಬೇಕು ಅಂತ ತೀರ್ಮಾನಿಸಿದರು. ಹೊರಗೆ ನಿಂತವನಿಗೆ ಓಟಿಲ್ಲ.

ಹಾಗಂತ ರೂಲು ಬೇಡ ಅನ್ನೋಕೂ ನನಗೆ ಬಾಯಿಲ್ಲ. 2015ರಲ್ಲಿ ರಾಹುಲ್ ದ್ರಾವಿಡ್ ಪಟೌಡಿ ಉಪನ್ಯಾಸದಲ್ಲಿ ವಯಸ್ಸಿನ ಮೋಸದ ಬಗ್ಗೆ ಗಟ್ಟಿಯಾಗಿಯೇ ಮಾತಾಡಿದ್ದರು. 2020ರಲ್ಲಿ ಬಿಸಿಸಿಐ, ತಾವಾಗಿಯೇ ಒಪ್ಪಿಕೊಂಡವರಿಗೆ ಕ್ಷಮೆ, ಸಿಕ್ಕಿಬಿದ್ದವರಿಗೆ ಎರಡು ವರ್ಷ ನಿಷೇಧ ಅಂತ ಹೇಳಿತು. ಅಷ್ಟು ದೊಡ್ಡ ಸಂಸ್ಥೆ ಕ್ಷಮಾದಾನದ ಯೋಜನೆ ಮಾಡಬೇಕಾದರೆ ಕಾಗದಗಳ ಕಥೆ ಏನಾಗಿರಬೇಕು ನೋಡ್ರಿ.

ನನ್ನ ನಾಚಿಕೆ ಇರೋದು ಇಲ್ಲೇ.

2003. ನಾನು ಎಂಟನೇ ಕ್ಲಾಸು. ರಿಜಿಸ್ಟರಿನಲ್ಲಿ ಹದಿಮೂರು, ಅವ್ವನ ಲೆಕ್ಕದಲ್ಲಿ ಹದಿನೈದು. ಹದಿನಾಲ್ಕರೊಳಗಿನವರ ತಾಲೂಕು ಕಬಡ್ಡಿ. ನಮ್ಮ ಪಿಟಿ ಮಾಸ್ತರಿಗೆ ಎಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ಜಿಲ್ಲಾ ತಂಡದ ಆಯ್ಕೆಯಲ್ಲಿ ಕೊನೆಯ ಒಂದು ಜಾಗಕ್ಕೆ ನಾನು ಮತ್ತು ಬೇರೆ ಊರಿನ ಒಬ್ಬ ಹುಡುಗ ಉಳಿದೆವು. ತೆಳ್ಳಗಿದ್ದ, ಚುರುಕಾಗಿದ್ದ. ನಿಜ ಹೇಳಬೇಕೆಂದರೆ ನನಗಿಂತ ಚೆನ್ನಾಗಿ ಆಡುತ್ತಿದ್ದ. ರೈಡಿಗೆ ಬಂದಾಗ ಅವನ ಸೊಂಟಕ್ಕೆ ಕೈ ಹಾಕಿ ಎತ್ತಿ ಗೆರೆಯಾಚೆ ಇಟ್ಟೆ. ಅವನ ತೂಕವೇ ಇರಲಿಲ್ಲ. ಮೂರು ಸಲ ಬಂದ, ಮೂರು ಸಲವೂ ಎತ್ತಿ ಇಟ್ಟೆ. ಜನ ಕೇಕೆ ಹಾಕಿದರು. ಆಮೇಲೆ ಅವನು ನೀರಿನ ಟಾಕಿಯ ಹಿಂದೆ ಕೂತು ಅಳುತ್ತಿದ್ದ. ಅವರಪ್ಪ, ಧೋತರ ಉಟ್ಟ ಮನುಷ್ಯ, ಪಕ್ಕದಲ್ಲಿ ಸುಮ್ಮನೆ ನಿಂತಿದ್ದ. ನಾನು ನೀರು ಕುಡಿಯೋಕೆ ಹೋದವನು ಕುಡಿಯದೆ ವಾಪಸ್ ಬಂದೆ.

ಆ ಸರ್ಟಿಫಿಕೇಟ್ ತೋರಿಸಿದ್ದಕ್ಕೆ ನನಗೆ ಹಾಸ್ಟೆಲ್ ಸೀಟು ಸಿಕ್ಕಿತು. ವಾರ್ಡನ್‌ಗೆ ಕಬಡ್ಡಿ ಹುಚ್ಚು. ಹಾಸ್ಟೆಲ್‌ನಿಂದ ಸೈನ್ಸು, ಸೈನ್ಸಿನಿಂದ ಬಿ.ಇ., ಅಲ್ಲಿಂದ ಗೋಕುಲ ರಸ್ತೆ. ಓದಿದ್ದು ನಾನೇ, ಅದು ಸುಳ್ಳಲ್ಲ. ಆದರೆ ಕಾಗದ ನಂಬಬೇಡಿ ಅಂತ ಆ ಮೇಜಿನ ಹಿಂದಿನವರಿಗೆ ಕಲಿಸಿದವರಲ್ಲಿ ನಾನೂ ಒಬ್ಬ. ನಾವು ಕದ್ದದ್ದಕ್ಕೆ ಎಕ್ಸ್-ರೇ ಬಂತು, ಎಕ್ಸ್-ರೇಗೆ ಸಿಕ್ಕಿದ್ದು ಸರಿಯಾದ ಕಾಗದ ಇದ್ದ ಹುಡುಗ.

ನಾನು ಕೇಳೋದು ದೊಡ್ಡದೇನಲ್ಲ. ಮಿತಿ ಇರಲಿ, ಟೆಸ್ಟೂ ಇರಲಿ. ಮಿತಿಯ ಅಂಚಿನಲ್ಲಿ ಬಿದ್ದ ಹುಡುಗನ ಆಸ್ಪತ್ರೆಯ ದಾಖಲೆಯನ್ನು ಯಾರಾದರೊಬ್ಬರು ಕೂತು ಓದಲಿ. ಹುಟ್ಟಿದ ವಾರವೇ ಆಸ್ಪತ್ರೆಯಲ್ಲಿ ನೋಂದಾಯಿಸಿದ್ದಕ್ಕೂ, ಮಾಸ್ತರು ಅಂದಾಜಿನಲ್ಲಿ ಬರೆದದ್ದಕ್ಕೂ ವ್ಯತ್ಯಾಸ ಇದೆ ಅಂತ ಒಪ್ಪಿಕೊಳ್ಳಲಿ. ಇನ್ನೊಬ್ಬ ಡಾಕ್ಟರು ಅದೇ ಎಕ್ಸ್-ರೇ ನೋಡಲಿ. ಊರಿನ ಹುಡುಗನಿಗೆ ಒಂದು ವರ್ಷ ಹೋಗೋದು ಅಂದರೆ ಒಂದೇ ವರ್ಷ ಹೋಗೋದಲ್ಲ. ಸುನಿಲ್ ಜೋಶಿ ಹುಡುಗನಾಗಿದ್ದಾಗ ದಿನಾ ಬೆಳಿಗ್ಗೆ ಗದಗಿನಿಂದ ಹುಬ್ಬಳ್ಳಿಗೆ ಪ್ರಾಕ್ಟೀಸಿಗೆ ಬಂದು, ಮತ್ತೆ ಶಾಲೆಯ ಹೊತ್ತಿಗೆ ವಾಪಸ್ ಹೋಗುತ್ತಿದ್ದರಂತೆ. ಎಲ್ಲರ ಮನೆಯಲ್ಲೂ ಅಷ್ಟು ದಿನ ಬಸ್ ಚಾರ್ಜ್ ಕೊಡುವ ತಾಳ್ಮೆ ಇರೋದಿಲ್ಲ. ಭಾವ ಆಗಲೇ ಫೋನ್ ಮಾಡಿ, "ಆತಲ್ಲ, ಇನ್ನ ಎಸ್ಸೆಸ್ಸೆಲ್ಸಿ ಕಡೆ ಲಕ್ಷ್ಯ ಕೊಡು ಅಂತ ಹೇಳ್ರಿ ಅವಂಗ" ಅಂದರು. ಅವರದೂ ತಪ್ಪಲ್ಲ.

ಹೋದ ಭಾನುವಾರ ಹುಡುಗನಿಗೆ ಕಬಡ್ಡಿ ಕಥೆ ಹೇಳಿದೆ. ಅವನ ಮನೆಯಲ್ಲಿ ಆ ಸರ್ಟಿಫಿಕೇಟು ಕಟ್ಟು ಹಾಕಿಸಿ ಗೋಡೆಗಿದೆ, ಅವ್ವ ಹೆಮ್ಮೆಯಿಂದ ಅಕ್ಕನಿಗೆ ಕೊಟ್ಟಿದ್ದು. ನಗುತ್ತಾನೆ ಅಂದುಕೊಂಡಿದ್ದೆ, ಅಥವಾ ಸಿಟ್ಟಾಗುತ್ತಾನೆ ಅಂತ. ಎರಡೂ ಮಾಡಲಿಲ್ಲ. ಬಾಲಿನ ಸೀಮ್ ಬೆರಳಿನಿಂದ ಸವರುತ್ತಾ ಸ್ವಲ್ಪ ಹೊತ್ತು ಕೂತಿದ್ದ.

"ಮಾಮಾ, ಆ ಹುಡುಗನ ಹೆಸರೇನ?"

ಗೊತ್ತಿಲ್ಲ ಅಂದೆ. ಊರಿನ ಹೆಸರೂ ನೆನಪಿಲ್ಲ.

"ಕೇಳಬೇಕಿತ್ತು ನೀ" ಅಂದ. ಆಮೇಲೆ ನನ್ನ ಚಪ್ಪಲಿ ಮೆಟ್ಟಿಕೊಂಡು, ಬ್ಯಾಗ್ ಹೆಗಲಿಗೇರಿಸಿಕೊಂಡು ನೆಟ್ಸಿಗೆ ಹೋದ.